ಕೊನೆಯ ಉಪಾಯವಾಗಿ ಮಾತ್ರ ಬಳಸಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಷಡ್ಡಕನ ಸೈಟು, ಪಕ್ಕದ ಮನೆಯವರ ಕಾರು, ಜೊತೆಗೆ ಕೆಲಸ ಮಾಡುವವನ ಪ್ರಮೋಷನ್ನು ಇವುಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳದವರು ಮೈಸೂರಿನಲ್ಲಿ ಯಾರಿದ್ದಾರೆ? ಆದರೆ ಅವೆಲ್ಲ ಮರ್ಯಾದಸ್ಥರ ಹೊಟ್ಟೆಕಿಚ್ಚುಗಳು. ನಾನೋ, ಊಟ ಮಾಡದ, ಸಂಬಳ ಕೇಳದ, ಸೈಟು ಕೊಳ್ಳದ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಕೂತಿದ್ದೇನೆ. ಅದರ ಬುದ್ಧಿಗಾಗಿ ಅಲ್ಲ. ನನಗಿಂತ ಬುದ್ಧಿ ಇರುವವರನ್ನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ, ಅದು ಅಭ್ಯಾಸವಾಗಿ ಹೋಗಿದೆ. ಅದಕ್ಕೆ ಸಿಗುವ ಉಪಚಾರ ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಹೊಸ ಅಳಿಯನಿಗೂ ನಮ್ಮ ಕಡೆ ಅಷ್ಟು ಉಪಚಾರ ನಡೆಯುವುದಿಲ್ಲ.

ಆ ಉಪಚಾರ ಮಾಡುವುದೇ ನನ್ನ ಉದ್ಯೋಗ. ಮೇಟಗಳ್ಳಿಯಲ್ಲಿ ಹಿಂದೆ ಯಾವುದೋ ಕಾರ್ಖಾನೆಯ ಗೋದಾಮಾಗಿದ್ದು, ಈಗ ಗಾಜಿನ ಬಾಗಿಲು ಹಾಕಿಸಿಕೊಂಡು ಸಾಫ್ಟ್‌ವೇರ್ ಆಫೀಸಾಗಿರುವ ಕಟ್ಟಡದಲ್ಲಿ ನಾನು ಕೂರುತ್ತೇನೆ. ಏನು ಕೆಲಸ ಅಂತ ನೆಂಟರು ಕೇಳಿದರೆ ‘ಕಂಪ್ಯೂಟರ್’ ಎಂದು ಮುಗಿಸಿಬಿಡುತ್ತೇನೆ. ನಿಮಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಐ ಏಜೆಂಟ್ ಅಂತ ಈಗ ಒಂದು ಬಂದಿದೆಯಲ್ಲ, ಅದನ್ನು ಅಂಗಡಿಯ ಗುಮಾಸ್ತ ಎಂದುಕೊಳ್ಳಿ. ಗಿರಾಕಿ ಏನೋ ಕೇಳುತ್ತಾನೆ, ಇದು ಉತ್ತರ ಕೊಡಬೇಕು, ಕೆಲಸವನ್ನೂ ಮಾಡಿಕೊಡಬೇಕು. ಅದಕ್ಕೆ ಕೈಕಾಲು ಇಲ್ಲವಾದ್ದರಿಂದ ಟೂಲ್‌ಗಳನ್ನು ಕೊಟ್ಟಿರುತ್ತಾರೆ. ಆರ್ಡರ್ ಹುಡುಕಲು ಒಂದು ಟೂಲ್, ರದ್ದು ಮಾಡಲು ಒಂದು, ಲೆಕ್ಕ ಹಾಕಲು ಒಂದು. ಪ್ರತಿ ಟೂಲಿನ ಮೇಲೆ ನಾಲ್ಕು ಸಾಲಿನ ವಿವರಣೆ ಇರುತ್ತದೆ: ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಬಳಸಿದ ಮೇಲೆ ಏನಾಗುತ್ತದೆ. ಏಜೆಂಟಿಗೆ ಟೂಲಿನ ಒಳಗೇನಿದೆ ಎಂದು ಕಾಣುವುದಿಲ್ಲ. ಆ ನಾಲ್ಕು ಸಾಲು ಓದಿ, ಅದನ್ನೇ ನಂಬಿ, ಒಂದನ್ನು ಎತ್ತಿಕೊಳ್ಳುತ್ತದೆ. ಆ ನಾಲ್ಕು ಸಾಲು ಅದಕ್ಕೆ ಎಷ್ಟು ಚೆನ್ನಾಗಿ ದಾರಿ ತೋರಿಸುತ್ತವೆ ಎಂದು ಐದಕ್ಕೆ ಇಷ್ಟು ಅಂತ ಅಂಕ ಹಾಕುವುದು ನನ್ನ ಕೆಲಸ.

ಒಂದು ಸಲ ಸೀರೆ ಅಂಗಡಿಯೊಂದರ ಏಜೆಂಟಿಗೆ ಗಿರಾಕಿಯೊಬ್ಬರ ವಿಳಾಸ ಬದಲಿಸಲು ಹೇಳಿದೆವು. ಅದು ಆ ಗಿರಾಕಿಯನ್ನೇ ಅಳಿಸಿಹಾಕಿ, ಹೊಸ ವಿಳಾಸದೊಂದಿಗೆ ಮತ್ತೆ ಸೇರಿಸಿ, ‘ಆಯಿತು, ಇನ್ನೇನಾದರೂ ಸಹಾಯ ಬೇಕೇ?’ ಎಂದು ಕೇಳಿತು. ಹಳೆಯ ಬಿಲ್ಲುಗಳೆಲ್ಲ ಅಳಿಸಿದ ಗಿರಾಕಿಯ ಜೊತೆಯಲ್ಲೇ ಹೋದವು. ಪುಣ್ಯಕ್ಕೆ ಅದು ಪರೀಕ್ಷೆಗೆಂದು ಹುಟ್ಟಿಸಿದ ಸುಳ್ಳು ಗಿರಾಕಿ. ಯಾವುದಾದರೂ ಮನುಷ್ಯ ಗುಮಾಸ್ತ ಹೀಗೆ ಮಾಡಿದ್ದರೆ ಅಂಗಡಿಯ ಮುಂದಿನ ರಸ್ತೆಯವರೆಗೂ ಬೈಗುಳ ಕೇಳುತ್ತಿತ್ತು. ನಮ್ಮಲ್ಲಿ ಸಭೆ ಸೇರಿತು. ಕಾಫಿ ಬಂತು. “ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು? ಅಳಿಸಿದ್ರೆ ಬಿಲ್ಲೂ ಹೋಗುತ್ತೆ ಅಂತ ವಿವರಣೇಲಿ ಎಲ್ಲಿದೆ?” ಎಂದು ಎಲ್ಲರೂ ತಲೆದೂಗಿದರು. ನಮ್ಮ ಕಚೇರಿಯ ಮೊದಲ ನಿಯಮವೇ ಅದು. ಏಜೆಂಟ್ ತಪ್ಪು ಟೂಲನ್ನು ಆರಿಸಿದರೆ ತಪ್ಪು ಏಜೆಂಟಿನದಲ್ಲ, ವಿವರಣೆಯದು. ಕೆಲಸಕ್ಕೆ ಸೇರಿದ ದಿನ ಆ ನಿಯಮ ಓದಿ ನಾನು ಎದ್ದು ಹೊರಗೆ ಹೋಗಿ ಟೀ ಅಂಗಡಿಯ ಹತ್ತಿರ ಸುಮ್ಮನೆ ನಿಂತು ಬಂದೆ.

ಯಾಕೆಂದು ಹೇಳುತ್ತೇನೆ. ನಾನು ಡಿಗ್ರಿಗೆ ಸೇರಲು ಹೋದಾಗ ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದವರು ಯಾರೂ ಇರಲಿಲ್ಲ. ಕಚೇರಿಯ ಕಿಟಕಿಯ ಒಳಗಿದ್ದವರು ನನ್ನ ಅಂಕಪಟ್ಟಿಯ ಜೆರಾಕ್ಸನ್ನು ವಾಪಸು ತಳ್ಳಿ, “ಅಟೆಸ್ಟ್ ಮಾಡಿಸ್ಕೊಂಡ್ ಬಾರಯ್ಯ” ಅಂದರು. “ಅಂಗಂದ್ರೇನ್ ಸಾ?” ಅಂದೆ. “ಹಸಿರು ಇಂಕಲ್ಲಿ ಸೈನು. ನೆಕ್ಸ್ಟ್!” ಅಂದರು. ಎಷ್ಟು ಸುಲಭ ಅನ್ನಿಸಿತು. ಹತ್ತಿರದ ಸ್ಟೇಷನರಿ ಅಂಗಡಿಗೆ ಹೋಗಿ ಹಸಿರು ಪೆನ್ನು ತಂದು, ಕಾಲೇಜಿನ ಕಲ್ಲುಬೆಂಚಿನ ಮೇಲೆ ಕೂತು, ಒಂದೊಂದು ಹಾಳೆಗೂ ನನ್ನ ಸಹಿಯನ್ನು ದುಂಡಗೆ ಹಾಕಿ, ಊದಿ ಒಣಗಿಸಿ, ಮತ್ತೆ ಸಾಲಿನಲ್ಲಿ ನಿಂತು ಕೊಟ್ಟೆ.

“ಯಾರಯ್ಯ ಇದು ಸೈನ್ ಮಾಡಿರೋದು?”

“ನಾನೇ ಸಾ.”

“ನೀನ್ ಯಾವೂರ್ ಗೆಜೆಟೆಡ್ ಆಫೀಸರಪ್ಪ?”

ಹಿಂದೆ ನಿಂತ ಸಾಲಿಗೆ ಸಾಲೇ ನಕ್ಕಿತು. ಒಬ್ಬನಂತೂ ನನಗೆ ಸೆಲ್ಯೂಟ್ ಹೊಡೆದ. “ಡಿಗ್ರಿ ಓದಕ್ ಬಂದವ್ನೆ, ಇಷ್ಟೂ ಗೊತ್ತಿಲ್ಲ” ಎಂದು ಕಿಟಕಿ ಮುಚ್ಚಿತು. ಈಗ ನನ್ನ ವೃತ್ತಿಯ ಅಳತೆಯಲ್ಲಿ ನೋಡಿ: ‘ಹಸಿರು ಇಂಕಲ್ಲಿ ಸೈನು’ ಎಂಬ ವಿವರಣೆಯಲ್ಲಿ ಯಾರು ಹಾಕಬೇಕು ಎಂಬುದಿಲ್ಲ, ಯಾಕೆ ಎಂಬುದಿಲ್ಲ, ಎಲ್ಲಿ ಸಿಗುತ್ತಾರೆ ಎಂಬುದಿಲ್ಲ. ಐದಕ್ಕೆ ಒಂದು. ಅದೂ ಹಸಿರು ಎಂಬ ಒಂದು ಪದ ಖಚಿತವಾಗಿದೆ ಎಂಬ ಕಾರಣಕ್ಕೆ. ನಾನು ಓದಿದ್ದನ್ನು ಓದಿದ ಹಾಗೆಯೇ ಮಾಡಿದ ಆದರ್ಶ ಏಜೆಂಟ್ ಆಗಿದ್ದೆ. ಆದರೆ ನನಗಾಗಿ ಯಾರೂ ಸಭೆ ಸೇರಲಿಲ್ಲ, ಕಾಫಿ ತರಿಸಲಿಲ್ಲ.

ಆಮೇಲೆ ನನಗೆ ಲಕ್ಷ್ಮೀಪುರಂನ ಒಬ್ಬ ಸಹಪಾಠಿ ಸಿಕ್ಕಿದ. ಅವನ ಮನೆಗೆ ಹೋದಾಗ ಗುಟ್ಟು ಗೊತ್ತಾಯಿತು. ಅಂಥ ಮನೆಗಳಲ್ಲಿ ಮಕ್ಕಳಿಗೆ ಸಾರು ಅನ್ನದ ಜೊತೆ ವಿವರಣೆಯನ್ನೂ ಬಡಿಸುತ್ತಾರೆ. ಯಾವ ಕೋರ್ಸು ಯಾವ ಕೆಲಸಕ್ಕೆ, ಯಾವ ಪರೀಕ್ಷೆಗೆ ಯಾವಾಗ ಅರ್ಜಿ, ಯಾವ ಪ್ರೊಫೆಸರರ ಹತ್ತಿರ ಬಾಯಿ ಬಿಡಬಾರದು, ಎಲ್ಲವೂ ಮಜ್ಜಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ಡಿಗ್ರಿ ಓದಿದ ಅಪ್ಪ ಇದ್ದರೆ ಅವನೇ ವಿವರಣೆ. ನಮ್ಮಪ್ಪ ಗಾರೆ ಕೆಲಸದವರು. ಯಾದವಗಿರಿಯ ಎಷ್ಟೋ ಬಂಗಲೆಗಳ ಗೋಡೆ ಎಬ್ಬಿಸಿದವರು, ಗೃಹಪ್ರವೇಶದ ದಿನ ಹಿತ್ತಲಲ್ಲಿ ಉಂಡು ಬಂದವರು. ಅವರು ನನಗೆ ಕೊಟ್ಟ ವಿವರಣೆ ಒಂದೇ: “ಓದು. ನಿನ್ ಕೈಗೆ ಸಿಮೆಂಟ್ ಮೆತ್ಕಬಾರ್ದು.” ಎಲ್ಲಿ, ಏನು, ಹೇಗೆ ಎಂಬುದನ್ನು ಅವರು ಹೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ನಾನು ಎಡವಿ ಎಡವಿ ಬಿ.ಎಸ್ಸಿ. ಮುಗಿಸಿದೆ. ಮುಗಿಸಿದ್ದನ್ನು ಯಾರೂ ಮರೆಯದ ಹಾಗೆ ನೋಡಿಕೊಂಡೆ. ನನ್ನ ಮದುವೆಯ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿಗಿಂತ ಬಿ.ಎಸ್ಸಿ. ದಪ್ಪ ಅಕ್ಷರದಲ್ಲಿತ್ತು. ಮನೆಯ ಬಾಗಿಲಿನ ಫಲಕದಲ್ಲೂ ಇದೆ. ನಮ್ಮ ಬೀದಿಯಲ್ಲಿ ಈಗ ಇಂಜಿನಿಯರುಗಳು, ಡಾಕ್ಟರುಗಳು ಇದ್ದಾರೆ, ಅವರು ಬರೀ ಹೆಸರು ಹಾಕಿಕೊಂಡಿದ್ದಾರೆ. ಹಾಕದೆಯೂ ನಡೆಯುತ್ತದೆ ಎಂಬ ಧೈರ್ಯ ಬರಲು ಎರಡು ಮೂರು ತಲೆಮಾರು ಬೇಕು ಅಂತ ಕಾಣುತ್ತದೆ.

ಈಗ ಅಸಲು ಸಂಕಟಕ್ಕೆ ಬರುತ್ತೇನೆ. ನಮ್ಮ ತಂಡದ ಮುಖ್ಯಸ್ಥೆ ಅನನ್ಯಾ. ಎದುರಿಗೆ ಮೇಡಂ ಅನ್ನುತ್ತೇನೆ. ವಯಸ್ಸಿನಲ್ಲಿ ನನ್ನ ಅರ್ಧ, ಹಾಗಾಗಿ ಇಲ್ಲಿ ಹುಡುಗಿ ಎಂದರೆ ತಪ್ಪಿಲ್ಲ. ತಾತ, ಅಪ್ಪ, ಅಮ್ಮ ಎಲ್ಲರೂ ಕಾಲೇಜಿನಲ್ಲಿ ಪಾಠ ಮಾಡಿದವರು. ಅವಳ ಮೇಲೆ ಸಿಟ್ಟಾಗಲು ನಾನು ಬಹಳ ಪ್ರಯತ್ನ ಪಟ್ಟಿದ್ದೇನೆ. ಅವಳು ಅವಕಾಶ ಕೊಡುವುದಿಲ್ಲ, ಅಷ್ಟು ಒಳ್ಳೆಯವಳು. ಒಂದು ಬೆಳಿಗ್ಗೆ ಗಾಜಿನ ಕೋಣೆಗೆ ಕರೆದು ಬಾಗಿಲು ಮುಚ್ಚಿದಳು.

“ಸರ್, ಹೇಗ್ ಹೇಳೋದು ಅಂತ ಗೊತ್ತಾಗ್ತಿಲ್ಲ. ವಿವರಣೆಗಳಿಗೆ ಮಾರ್ಕ್ಸ್ ಹಾಕೋ ಕೆಲ್ಸಾನೂ ಇನ್ಮೇಲೆ ಎಐನೇ ಮಾಡುತ್ತಂತೆ. ನೀವು ಇಷ್ಟು ವರ್ಷ ಹಾಕಿರೋ ಮಾರ್ಕ್ಸ್ ನೋಡ್ಕೊಂಡೇ ಅದು ಕಲ್ತಿದ್ದು ಸರ್. ಒಂಥರಾ ನೀವೇ ಗುರುಗಳು.”

ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ, ಶಿಷ್ಯ ನನ್ನ ಕುರ್ಚಿಯನ್ನು ಎಳೆದುಕೊಂಡ ಸದ್ದು ಕೇಳಿಸಿತು. “ಹಂಗಾದ್ರೆ ನಾನು?” ಅಂದೆ.

“ನಿಮ್ಮನ್ನ ಬಿಡಲ್ಲ ಸರ್. ಟೈಲ್ಸ್ ಕಂಪನಿ ಪ್ರಾಜೆಕ್ಟ್ ಬಂದಿದೆಯಲ್ಲ, ಅದ್ರಲ್ಲಿ ನಿಮ್ಮನ್ನೇ ಒಂದು ಟೂಲ್ ಮಾಡಿದೀನಿ.”

ಇದನ್ನೂ ಬಿಡಿಸಿ ಹೇಳಬೇಕು. ಟೈಲ್ಸು, ನಲ್ಲಿ, ಬೇಸಿನ್ನು ಮಾರುವ ಕಂಪನಿಯೊಂದರ ಏಜೆಂಟಿಗೆ ಇರುವ ಹತ್ತಾರು ಟೂಲ್‌ಗಳ ಜೊತೆ ‘ಮನುಷ್ಯರನ್ನು ಕೇಳು’ ಎಂಬ ಇನ್ನೊಂದು ಟೂಲ್. ಏಜೆಂಟ್ ಅದನ್ನು ಆರಿಸಿಕೊಂಡರೆ ಪ್ರಶ್ನೆ ನನ್ನ ಪರದೆಯ ಮೇಲೆ ಬರುತ್ತದೆ, ನಾನು ಉತ್ತರ ಬರೆಯಬೇಕು. ಆ ಮನುಷ್ಯ ನಾನು. ತಿಂಗಳ ಕೊನೆಯೊಳಗೆ ಏಜೆಂಟ್ ನನ್ನನ್ನು ಕರೆದು ಉಪಯೋಗಿಸಿಕೊಂಡರೆ, ಅದನ್ನು ಮೇಲಿನವರಿಗೆ ತೋರಿಸಿ ನನ್ನ ಪೋಸ್ಟನ್ನು ಉಳಿಸಿಕೊಳ್ಳುವುದು ಅನನ್ಯಾಳ ಉಪಾಯ. “ಕರೀದಿದ್ರೆ?” ಅಂದೆ. “ಕರಿಯುತ್ತೆ ಬಿಡಿ ಸರ್” ಎಂದು ನಕ್ಕಳು. ಆ ನಗುವಿನಲ್ಲಿ ನನ್ನ ಮನೆಯ ಸಾಲದ ಕಂತು ಒಂದು ಸಲ ಅಲ್ಲಾಡಿದ್ದು ಕಾಣಿಸಿತು. ಹೊರಡುವಾಗ, “ವಿವರಣೆ ನಾನೇ ಬರ್ದಿದೀನಿ, ಮಾರ್ಕ್ಸ್ ಹಾಕ್ಬಿಡಿ ಸರ್. ನಿಮ್ಮ ಕೈಲಿ ಕೊನೇದು” ಎಂದಳು.

ಕೂತು ಓದಿದೆ. ‘ಮಾನವ ಸಹಾಯಕ. ನಿಧಾನ. ಒಂದರಿಂದ ಎರಡು ಗಂಟೆಯವರೆಗೆ ಲಭ್ಯವಿಲ್ಲ. ಒಂದೇ ಪ್ರಶ್ನೆಗೆ ಪ್ರತಿಸಲವೂ ಒಂದೇ ಉತ್ತರ ಬರುವ ಭರವಸೆ ಇಲ್ಲ. ಬೇರೆ ಎಲ್ಲ ಟೂಲ್‌ಗಳೂ ವಿಫಲವಾದಾಗ, ಕೊನೆಯ ಉಪಾಯವಾಗಿ ಮಾತ್ರ ಬಳಸಿ.’

ತಪ್ಪು ಹುಡುಕಿದೆ. ಏನು ಎಂಬುದಿದೆ. ಯಾವಾಗ, ಯಾವಾಗ ಬೇಡ ಎಂಬುದಿದೆ. ಮಿತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಉಬ್ಬಿಸಿ ಹೇಳಿಲ್ಲ. ಒಂದು ಪದ ಹೆಚ್ಚಿಲ್ಲ. ಇನ್ಯಾರದ್ದೋ ಬಗ್ಗೆ ಹೀಗೆ ಬರೆದಿದ್ದರೆ ಇದನ್ನು ಮಾದರಿ ಎಂದು ಗೋಡೆಗೆ ಅಂಟಿಸುತ್ತಿದ್ದೆ. ಕಷ್ಟಪಟ್ಟು ಓದಿದವನು ನಾನು, ಕಾಪಿ ಹೊಡೆದವನಲ್ಲ, ಸುಳ್ಳು ಅಂಕ ಹಾಕಲು ಕೈ ಬರಲಿಲ್ಲ. ಐದಕ್ಕೆ ಐದು ಹಾಕಿ ಮನೆಗೆ ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಪ್ರೇಮಾ ಅವರೆಕಾಳು ಹಿದುಕುತ್ತಿದ್ದಳು. ಫೋನಿನಲ್ಲಿದ್ದ ವಿವರಣೆಯನ್ನು ಅವಳಿಗೆ ಓದಿ ಹೇಳಿದೆ. ಸ್ವಲ್ಪ ಕನಿಕರ ಸಿಗಬಹುದು ಎಂಬ ಆಸೆಯಿತ್ತು.

“ಕರೆಕ್ಟಾಗೇ ಬರ್ದವ್ಳಲ್ಲ ಕಣ್ರೀ. ಎಷ್ಟ್ ವರ್ಷದಿಂದ ನೋಡವ್ಳೆ ನಿಮ್ನ?” ಎಂದಳು. “ನಮ್ಮಪ್ಪಂಗೆ ಮದ್ವೆಗ್ ಮುಂಚೆ ಇದನ್ ತೋರ್ಸಿದ್ರೆ ಎಷ್ಟ್ ಚೆನ್ನಾಗಿರದು. ಬರೀ ಬಿ.ಎಸ್ಸಿ. ಅಂತ ತೋರಿಸ್ಬುಟ್ರಿ.”

ಮೊದಲ ವಾರ ಏಜೆಂಟ್ ನನ್ನನ್ನು ಕರೆಯಲೇ ಇಲ್ಲ. ನಾನು ಬೆಳಿಗ್ಗೆ ಹೋಗಿ, ಪರದೆ ಆನ್ ಮಾಡಿಕೊಂಡು, ಹೆಣ್ಣು ನೋಡಲು ಬರುವವರಿಗೆ ಕಾಯುವ ಹಾಗೆ ಕಾಯುತ್ತಿದ್ದೆ. ಪಕ್ಕದ ಪರದೆಯಲ್ಲಿ ಅದು ಗಿರಾಕಿಗಳ ಜೊತೆ ಮಾತಾಡುವುದು ಕಾಣುತ್ತಿತ್ತು. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದಾಗ ಹುಡುಕುವ ಟೂಲನ್ನು ಮತ್ತೆ ಮತ್ತೆ ಕೇಳುತ್ತಿತ್ತು, ಅಲ್ಲೂ ಸಿಗದಿದ್ದರೆ ಗಿರಾಕಿಯ ಹತ್ತಿರ ವಿನಯದಿಂದ ಕ್ಷಮೆ ಕೇಳುತ್ತಿತ್ತು. ನನ್ನನ್ನು ಕೇಳುವುದಕ್ಕಿಂತ ಕ್ಷಮೆ ಕೇಳುವುದು ಅದಕ್ಕೆ ಸುಲಭವಾಗಿತ್ತು. ಒಂದು ಮಧ್ಯಾಹ್ನ ಗಿರಾಕಿಯೊಬ್ಬ, “ಅಲ್ಲಿ ಯಾರಾದ್ರೂ ಮನುಷ್ಯರು ಇದಾರಾ?” ಎಂದೇ ಕೇಳಿದ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಏಜೆಂಟ್ ಗಡಿಯಾರದ ಟೂಲನ್ನು ನೋಡಿಕೊಂಡು, ಈಗ ಒಂದೂವರೆ, ಲಭ್ಯವಿಲ್ಲ ಎಂದಿತು. ಆ ದಿನ ನಾನು ಊಟಕ್ಕೂ ಎದ್ದಿರಲಿಲ್ಲ.

ಅನನ್ಯಾಳಿಗೆ ನನಗಿಂತ ಹೆಚ್ಚು ಗಾಬರಿಯಾಯಿತು. “ತಪ್ಪು ನಂದೇ ಸರ್. ವಿವರಣೆ ತುಂಬಾ ಸ್ಟ್ರಿಕ್ಟಾಗಿ ಬರ್ದ್ಬಿಟ್ಟೆ. ನಿಮ್ಮ ಬಗ್ಗೆ ನೀವೇ ಬರೀರಿ” ಎಂದಳು.

ನನ್ನ ಬಗ್ಗೆ ನಾನೇ! ಬೇರೆಯವರ ವಿವರಣೆಗಳಲ್ಲಿ ಒಂದು ಹೊಗಳಿಕೆಯ ಪದ ಕಂಡರೂ ಅಂಕ ಕಳೆಯುತ್ತಿದ್ದ ನಾನು ಒಂದು ಪುಟ ತುಂಬ ಬರೆದೆ. ನಮ್ಮ ಕಡೆ ‘ನೀನು ಯಾರಪ್ಪ’ ಎಂದು ಕೇಳಿದರೆ ಮೊದಲು ಊರು ಹೇಳಬೇಕು, ಆಮೇಲೆ ಯಾರ ಮಗ ಎಂದು ಹೇಳಬೇಕು, ಕೊನೆಗೆ ಹೆಸರು, ಅದೂ ಕೇಳಿದರೆ. ಅಭ್ಯಾಸಬಲದಿಂದ ಹಾಗೆಯೇ ಶುರುವಾಯಿತು. ‘ತಿ. ನರಸೀಪುರ ತಾಲ್ಲೂಕಿನ ಕಡೆಯವರು. ಗಾರೆ ಕೆಲಸದ ಸಿದ್ದಯ್ಯನವರ ಮಗ. ರಜಾ ದಿನಗಳಲ್ಲಿ ತಂದೆಯ ಜೊತೆ ಗೋಡೆ ಕಟ್ಟುವ, ಗಿಲಾವು ಮಾಡುವ, ಟೈಲ್ಸ್ ಹಾಕುವ ಕೆಲಸ ಮಾಡುತ್ತಾ ಓದಿದವರು. ವಂಶದಲ್ಲಿ ಮೊದಲ ಪದವೀಧರರು. ಬಿ.ಎಸ್ಸಿ., ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಕನ್ನಡ, ಇಂಗ್ಲಿಷ್ ಎರಡೂ ಬಲ್ಲವರು. ಗಣಿತ, ವಿಜ್ಞಾನ ಹಾಗೂ ತರ್ಕಕ್ಕೆ ಸಂಬಂಧಿಸಿದ ಕಠಿಣ ಪ್ರಶ್ನೆಗಳಿಗೆ ಬಳಸಿ.’ ಗಾರೆ ಕೆಲಸದ ಸಾಲನ್ನು ಯಾಕೆ ಹಾಕಿದೆ ಎಂದರೆ, ಡಿಗ್ರಿಯ ಬೆಲೆ ತಿಳಿಯಬೇಕಾದರೆ ಹಿಂದಿನ ಕಷ್ಟ ತಿಳಿಯಬೇಕು. ಇಂಟರ್ವ್ಯೂಗಳಲ್ಲಿ ಕೂತವರಿಗೆ ಆ ಸಾಲು ಯಾವಾಗಲೂ ಇಷ್ಟವಾಗುತ್ತಿತ್ತು. ಸ್ವಲ್ಪ ತಲೆ ಓರೆ ಮಾಡಿ, ‘ಓಹ್’ ಎಂದು, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತಿದ್ದರು.

ವಿವರಣೆ ಬದಲಿಸಿದ ದಿನವೇ ನನ್ನ ಪರದೆ ಟಿಣ್ ಎಂದಿತು. ಓದಿದೆ: ‘ಗಿರಾಕಿಯ ಸ್ನಾನದ ಮನೆಯ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದೆ. ಕಾರಣ ಮತ್ತು ಪರಿಹಾರ ತಿಳಿಸಿ.’

ಕೆಳಗೆ ಗಾರೆ ಪೂರ್ತಿ ತುಂಬಿಲ್ಲ, ನಾಲ್ಕು ಮೂಲೆಗೆ ಉಂಡೆ ಇಟ್ಟು ಒತ್ತಿದ್ದಾರೆ, ಸದ್ದು ಬರುವಷ್ಟನ್ನು ಎಬ್ಬಿಸಿ ಮತ್ತೆ ಹಾಕಿಸಬೇಕು ಎಂದು ಬರೆದೆ. ಅರ್ಧ ಗಂಟೆಯಲ್ಲಿ ಇನ್ನೊಂದು: ಹೊಸ ಗೋಡೆಯ ಗಿಲಾವಿನಲ್ಲಿ ಕೂದಲೆಳೆಯಂಥ ಬಿರುಕು. ನೀರು ಸರಿಯಾಗಿ ಹೊಡೆದಿಲ್ಲ, ಬಿಸಿಲಿಗೆ ಬೇಗ ಒಣಗಿದೆ ಎಂದು ಬರೆದೆ. ಆಮೇಲೆ ಬೇಸಿನ್ನಿನ ಕೆಳಗೆ ಜಿನುಗುವುದು, ಮಹಡಿಯ ನೆಲ ನೀರಿನ ಕಿಂಡಿಯ ಕಡೆ ವಾಟವಾಗಿ ಇಳಿಯದಿರುವುದು, ಹಳೆಯ ಟೈಲ್ಸಿನ ಮೇಲೇ ಹೊಸದು ಹಾಕಬಹುದೇ ಎಂಬುದು. ಏಜೆಂಟ್ ನನ್ನನ್ನು ಕರೆದದ್ದೇ ಕರೆದದ್ದು. ಗಿರಾಕಿಗಳು ಥ್ಯಾಂಕ್ಸ್ ಹೇಳಿದರು. ನಾನು ಒಂದು ಕಣ್ಣಿನಲ್ಲಿ ಉತ್ತರ ಬರೆಯುತ್ತಾ ಇನ್ನೊಂದು ಕಣ್ಣಿನಲ್ಲಿ ಬಿ.ಎಸ್ಸಿ.ಯ ಪ್ರಶ್ನೆಗೆ ಕಾದೆ. ಕೊನೆಗೂ ಒಬ್ಬರು ಓರೆಕೋರೆ ಕೋಣೆಯ ವಿಸ್ತೀರ್ಣ ಕೇಳಿದರು. ತ್ರಿಕೋನಮಿತಿ! ಏಜೆಂಟ್ ಅದನ್ನು ಲೆಕ್ಕದ ಟೂಲಿಗೆ ಕೊಟ್ಟಿತು. ನೀರಿನ ಒತ್ತಡದ ಬಗ್ಗೆ ಒಂದು ಬಂತು, ಶುದ್ಧ ಭೌತಶಾಸ್ತ್ರ. ಹುಡುಕುವ ಟೂಲಿಗೆ ಹೋಯಿತು. ಕಲೆ ತೆಗೆಯುವ ಆ್ಯಸಿಡ್ಡಿನ ಬಗ್ಗೆ ಬಂದ ರಸಾಯನಶಾಸ್ತ್ರದ ಪ್ರಶ್ನೆಯನ್ನು ಅದು ತಾನೇ ಉತ್ತರಿಸಿಕೊಂಡಿತು.

ಮನೆಯಲ್ಲಿ ಇದನ್ನು ಹೇಳಿದಾಗ ಪ್ರೇಮಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವ್ವ ನಗಲಿಲ್ಲ. ಅಪ್ಪ ಕಟ್ಟುತ್ತಿದ್ದಷ್ಟು ಕಾಲವೂ ಅವರ ಹಿಂದೆ ಗಾರೆ ಬಾಂಡ್ಲಿ ಹೊತ್ತವಳು ಅವಳು.

“ಅಲ್ಲ ಕಣ್ ಮಾದೇವ, ಅಷ್ಟೆಲ್ಲ ಓದ್ಬುಟ್ಟು ಕೊನೆಗ್ ಗಾರೆ ಕೆಲ್ಸಕ್ಕೇ ಬಂದ್ಯಾ?” ಎಂದಳು.

“ಕೈಗೆ ಸಿಮೆಂಟ್ ಮೆತ್ಕಂಡಿಲ್ಲ ಕಣವ್ವ” ಅಂದೆ.

“ಅದೇನೋ ಸರಿ ಬುಡು. ನಿಮ್ಮಪ್ಪ ಅಂದಂಗೇ ಆಯ್ತು” ಎಂದು ಎದ್ದು ಹೋದಳು. ಸಮಾಧಾನ ಹೇಳಿದಳೋ ತಿವಿದಳೋ ಇವತ್ತಿಗೂ ಗೊತ್ತಾಗಿಲ್ಲ.

ತಿಂಗಳ ಕೊನೆಗೆ ಅನನ್ಯಾ ಓಡಿಕೊಂಡು ಬಂದಳು. “ಸರ್, ಮೇಲಿನವ್ರು ಒಪ್ಕೊಂಡ್ರು! ನಿಮ್ಮ ಪೋಸ್ಟ್ ಉಳೀತು.” ನಾನು ಎದ್ದು ನಿಂತು ಕೈ ಮುಗಿದೆ, ನಿಜವಾಗಿಯೂ ಮುಗಿದೆ. “ಒಂದೇ ಒಂದು ಸಣ್ಣ ವಿಷ್ಯ ಸರ್. ವಿವರಣೆ ಉದ್ದ ಆಯ್ತು ಅಂತಿದಾರೆ. ನೀವೇ ಹೇಳ್ಕೊಟ್ಟಿದ್ರಲ್ಲ, ಹಾಗೆ ಮಾಡಿ ನೋಡ್ದೆ.”

ನಾನು ಹೇಳಿಕೊಟ್ಟದ್ದು ಏನೆಂದರೆ, ವಿವರಣೆಯಿಂದ ಒಂದೊಂದೇ ಸಾಲು ತೆಗೆದು ಅದೇ ಪ್ರಶ್ನೆಗಳನ್ನು ಏಜೆಂಟಿಗೆ ಮತ್ತೆ ಕೊಡಬೇಕು. ಅದರ ಆಯ್ಕೆ ಬದಲಾಗದಿದ್ದರೆ ಆ ಸಾಲು ದಂಡ, ಕಿತ್ತುಹಾಕಿ. ನಮ್ಮ ಕಚೇರಿಯಲ್ಲಿ ಈ ಪದ್ಧತಿ ತಂದದ್ದು ನಾನೇ. ಇದರಿಂದ ಎಷ್ಟೋ ಜನರ ಚೆಂದದ ಸಾಲುಗಳನ್ನು ಕೊಂದಿದ್ದೇನೆ.

“ಊರು ತೆಗೆದೆ ಸರ್, ಏನೂ ಆಗ್ಲಿಲ್ಲ. ಭಾಷೆ ತೆಗೆದೆ, ಏನೂ ಆಗ್ಲಿಲ್ಲ. ಮೊದಲ ಪದವೀಧರ, ಬಿ.ಎಸ್ಸಿ., ಕಠಿಣ ಪ್ರಶ್ನೆ, ಎಲ್ಲಾ ತೆಗೆದೆ. ಆಗ್ಲೂ ಏನೂ ಆಗ್ಲಿಲ್ಲ. ಗಾರೆ ಕೆಲಸದ ಸಾಲು ತೆಗೆದೆ ನೋಡಿ, ನಿಮ್ಮನ್ನ ಕರಿಯೋದನ್ನೇ ನಿಲ್ಲಿಸ್ಬಿಡ್ತು.” ಹೇಳುತ್ತಾ ಹೇಳುತ್ತಾ ಅವಳ ದನಿ ತಗ್ಗಿತು. ಹುಡುಗಿ ಸೂಕ್ಷ್ಮ. “ನಿಮ್ಗೆ ಬೇಕಂದ್ರೆ ಆ ಡಿಗ್ರಿ ಸಾಲು ಇರ್ಲಿ ಬಿಡಿ ಸರ್. ನಾನು ಹೇಗೋ ಒಪ್ಪಿಸ್ತೀನಿ. ಇದ್ರೆ ನಷ್ಟ ಏನಿಲ್ಲ.”

ಇದ್ದರೆ ನಷ್ಟವೇನಿಲ್ಲ. ಅಪ್ಪ ಬಿಸಿಲಲ್ಲಿ ಬೆಂದದ್ದಕ್ಕೆ, ಕಿಟಕಿಯ ಮುಂದೆ ಜನ ನಕ್ಕದ್ದಕ್ಕೆ, ನಾನು ಎಡವಿದ್ದಕ್ಕೆಲ್ಲ ಸಿಕ್ಕ ಒಂದು ಸಾಲು, ಕನಿಕರದ ಮೇಲೆ ಉಳಿಯಬಹುದಂತೆ. “ಬೇಡ ಮೇಡಂ. ನಿಯಮ ಎಲ್ರಿಗೂ ಒಂದೇ” ಎಂದು ನಾನೇ ಅಳಿಸಿದೆ. ಗಾರೆ ಕೆಲಸದ ಸಾಲನ್ನು ಅನನ್ಯಾ ಚಿಕ್ಕದು ಮಾಡಿದ ಮೇಲೆ ಪರದೆಯ ಮೇಲೆ ಉಳಿದದ್ದು ಇಷ್ಟು: ‘ಗಾರೆ, ಗಿಲಾವು, ಟೈಲ್ಸ್, ಸೋರಿಕೆಯ ಪ್ರಶ್ನೆಗಳಿಗೆ ಈ ಮನುಷ್ಯರನ್ನು ಕೇಳಿ.’

ನಿಮ್ಮದಕ್ಕೆ ಮಾತ್ರ ನೀವೇ ಹಾಕಿ ಸರ್ ಎಂದು ಅನನ್ಯಾ ಅಂಕದ ಜಾಗ ತೋರಿಸಿದಳು. ನಾಲ್ಕು ಹಾಕಿದೆ. ಒಂದು ಯಾಕೆ ಕಡಿಮೆ ಸರ್ ಎಂದಳು. ಯಾವಾಗ ಬಳಸಬಾರದು ಎಂಬುದು ಬಿಟ್ಟುಹೋಗಿದೆ, ಅದಿಲ್ಲದೆ ವಿವರಣೆ ಪೂರ್ತಿಯಾಗುವುದಿಲ್ಲ ಎಂದು ಹೇಳಿ, ಕೀಬೋರ್ಡನ್ನು ನನ್ನ ಕಡೆಗೆ ಎಳೆದುಕೊಂಡು, ‘ಬೇರೆ ಯಾವುದಕ್ಕೂ ಬಳಸಬೇಡಿ’ ಎಂಬ ಸಾಲನ್ನು ನಾನೇ ಸೇರಿಸಿ, ಐದು ಮಾಡಿದೆ.